ಮೊಲವೊಂದು ಕೊಂಡ ಬೆಟ್ಟ

ಪೀಟರ್ ರ್‍ಯಾಬಿಟ್ ಯಾರಿಗೆ ಗೊತ್ತಿಲ್ಲ ಹೇಳಿ? ಅಮ್ಮ ಬೇಡ ಅಂದರೂ ಕೇಳದೆ ಮೆಕ್‌ಗ್ರೆಗರ್ ತೋಟಕ್ಕೆ ನುಗ್ಗಿ, ಹೊಟ್ಟೆ ತುಂಬ ಮೂಲಂಗಿ ತಿಂದು, ಕೊನೆಗೆ ನೀಲಿ ಕೋಟನ್ನೂ ಶೂಗಳನ್ನೂ ಕಳೆದುಕೊಂಡು ಮನೆಗೆ ಓಡಿ ಬಂದ ಮೊಲದ ಮರಿ. ನಿಮ್ಮಲ್ಲಿ ಹೆಚ್ಚಿನವರು ಈ ಕಥೆಯನ್ನು ನರ್ಸರಿಯಲ್ಲೇ ಕೇಳಿರುತ್ತೀರಿ. ಆದರೆ ಆ ಮೊಲ ಮುಂದೆ ಬೆಟ್ಟಗಳನ್ನೇ ಕೊಂಡಿತು ಅಂದರೆ ನಂಬುತ್ತೀರಾ? ಒಂದೆರಡು ಎಕರೆ ಅಲ್ಲ, 4000 ಎಕರೆಗೂ ಹೆಚ್ಚು. ಕೊಂಡು ತಾನೇ ಇಟ್ಟುಕೊಳ್ಳಲಿಲ್ಲ, ನಮಗೆಲ್ಲ ಬಿಟ್ಟುಹೋಯಿತು.

ಇದು ಆ ಮೊಲವನ್ನು ಬರೆದ ಬಿಯಾಟ್ರಿಕ್ಸ್ ಪಾಟರ್ ಅವರ ಕಥೆ. ಕೂತು ಕೇಳುವುದಕ್ಕಿಂತ ನಡೆಯುತ್ತಾ ಕೇಳಿದರೆ ಚೆನ್ನಾಗಿರುತ್ತೆ. ಹಾಗಾಗಿ ಶೂ ಲೇಸ್ ಬಿಗಿಯಾಗಿ ಕಟ್ಟಿಕೊಳ್ಳಿ, ಮಳೆ ಜಾಕೆಟ್ ಮರೆಯಬೇಡಿ. ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಜಾಕೆಟ್ ಇಲ್ಲದೆ ಹೊರಡುವವರು ಒಂದೋ ಬಹಳ ಧೈರ್ಯವಂತರು, ಇಲ್ಲವೇ ಮೊದಲ ಸಲ ಬಂದವರು.

ಇಂಗ್ಲೆಂಡಿನ ವಾಯವ್ಯ ಮೂಲೆಯಲ್ಲಿ, ಕಂಬ್ರಿಯಾದಲ್ಲಿ, ವಿಂಡರ್‌ಮಿಯರ್ ಇದೆ. ಇಡೀ ಇಂಗ್ಲೆಂಡಿಗೇ ದೊಡ್ಡ ಸರೋವರ ಅದು. ಅದರ ಸುತ್ತ ಬೇಸಿಗೆಯಲ್ಲಿ ಜಾತ್ರೆಯಷ್ಟು ಜನ. ಐಸ್‌ಕ್ರೀಂ ಅಂಗಡಿ, ದೋಣಿ ಸವಾರಿ, ಕಾರ್ ಪಾರ್ಕಿಂಗ್‌ಗೆ ಪರದಾಟ. ಆದರೆ ಸರೋವರದಿಂದ ಸ್ವಲ್ಪ ಉತ್ತರಕ್ಕೆ ಹೋಗಿ. ಬೆಟ್ಟದ ಇಳಿಜಾರಿನಲ್ಲಿ ಕಲ್ಲಿನ ಮನೆಗಳ ಒಂದು ಹಳ್ಳಿ ಸಿಗುತ್ತದೆ. ಹೆಸರು ಟ್ರೌಟ್‌ಬೆಕ್. ಟ್ರೌಟ್ ಅಂದರೆ ಮೀನು, ಬೆಕ್ ಅಂದರೆ ಹಳ್ಳ, ತೊರೆ. ಈ ಬೆಕ್ ಎನ್ನುವುದು ಸಾವಿರ ವರ್ಷಗಳ ಹಿಂದೆ ಸ್ಕ್ಯಾಂಡಿನೇವಿಯಾ ಕಡೆಯಿಂದ ಬಂದು ಇಲ್ಲಿ ನೆಲೆಸಿದವರು ತಂದ ಪದ. ಬೆಟ್ಟಕ್ಕೆ ಇಲ್ಲಿನವರು ಫೆಲ್ ಅನ್ನುತ್ತಾರೆ, ಅದೂ ಅವರದೇ. ಆ ಜನ ಎಂದೋ ಇಲ್ಲಿನವರಲ್ಲಿ ಬೆರೆತುಹೋದರು, ಪದಗಳು ಮಾತ್ರ ಹಳ್ಳದ ಜೊತೆ ಇನ್ನೂ ಹರಿಯುತ್ತಿವೆ.

ಹಳ್ಳಿಯಿಂದ ಇಳಿದು ಇಂಗ್ ಲೇನ್ ಎಂಬ ಸಣ್ಣ ರಸ್ತೆ ಹಿಡಿಯೋಣ. ಎರಡೂ ಕಡೆ ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲು ಪೇರಿಸಿ ಕಟ್ಟಿದ ಗೋಡೆಗಳು. ಬಲಕ್ಕೆ ಯೋಕ್, ಇಲ್ ಬೆಲ್, ಫ್ರಾಸ್‌ವಿಕ್ ಎಂಬ ಬೆಟ್ಟಗಳ ಸಾಲು. ಎದುರಿಗೆ, ಕಣಿವೆಯ ನಟ್ಟನಡುವೆ, ಒಂದು ಗುಡ್ಡ ನಾಲಗೆ ಚಾಚಿದಂತೆ ಮಲಗಿದೆ. ಅದರ ಹೆಸರೇ ದ ಟಂಗ್. ಎತ್ತರ 364 ಮೀಟರ್, ನಮ್ಮ ಕಾಲಿಗೆ ನಿಲುಕುವಂಥದ್ದು. ಗುಡ್ಡದ ಬುಡದಲ್ಲಿ ಕಾಣುವ ತೋಟದ ಮನೆ ಟ್ರೌಟ್‌ಬೆಕ್ ಪಾರ್ಕ್ ಫಾರ್ಮ್.

ಇಲ್ಲಿ ಒಂದು ನಿಮಿಷ ನಿಂತು ಕಿವಿಗೊಡಿ. ನೀರಿನ ಸದ್ದು, ಗಾಳಿಯ ಸದ್ದು, ಎಲ್ಲೋ ಒಂದು ಕುರಿ. ಅಷ್ಟೇ. ವಿಂಡರ್‌ಮಿಯರ್ ಪಟ್ಟಣಕ್ಕೆ 1847ರಲ್ಲೇ ರೈಲು ಬಂತು. ರೈಲಿನ ಹಿಂದೆ ಹೋಟೆಲು, ಬಂಗಲೆಗಳು ಬಂದವು. ಇಷ್ಟು ಹತ್ತಿರದ ಕಣಿವೆಯಲ್ಲಿ ಈ ಮೌನ ತಾನಾಗಿ ಉಳಿದಿದೆ ಅಂದುಕೊಳ್ಳಬೇಡಿ. ಇದನ್ನು ಯಾರೋ ದುಡ್ಡು ಕೊಟ್ಟು, ಬೆವರು ಸುರಿಸಿ, ಉಳಿಸಿದ್ದಾರೆ. ಬನ್ನಿ, ಅವರ ಕಥೆ ಮೊದಲಿನಿಂದ ಹೇಳುತ್ತೇನೆ.

ಬಿಯಾಟ್ರಿಕ್ಸ್ ಹುಟ್ಟಿದ್ದು 1866ರ ಜುಲೈ 28ರಂದು, ಲಂಡನ್ನಿನಲ್ಲಿ. ಹತ್ತಿಯ ವ್ಯವಹಾರದಿಂದ ಶ್ರೀಮಂತವಾದ ಮನೆತನ. ಅಪ್ಪ ರೂಪರ್ಟ್ ಪಾಟರ್ ವಕೀಲಿಕೆ ಓದಿದ್ದರು, ಫೋಟೋ ತೆಗೆಯುವುದು ಅವರ ಹುಚ್ಚು. ದೊಡ್ಡ ಮನೆ, ಆಳುಕಾಳು, ಎಲ್ಲ ಇತ್ತು. ಶಾಲೆ ಮಾತ್ರ ಇರಲಿಲ್ಲ. ಮನೆಗೇ ಬಂದು ಪಾಠ ಹೇಳುವ ಟೀಚರ್‌ಗಳು, ಜೊತೆಗೆ ಆರು ವರ್ಷ ಚಿಕ್ಕವನಾದ ತಮ್ಮ ಬರ್ಟ್ರಾಮ್. ಗೆಳತಿಯರು ಕಡಿಮೆ. ಹಾಗಾದರೆ ಬೇಜಾರು ಕಳೆಯುವುದು ಹೇಗೆ? ಅಕ್ಕ ತಮ್ಮ ಸೇರಿ ಮೊಲ, ಇಲಿ, ಮುಳ್ಳುಹಂದಿಯಂಥ ಹೆಜ್‌ಹಾಗ್, ಬಾವಲಿ, ಹಲ್ಲಿಯಂಥ ನ್ಯೂಟ್ ಎಲ್ಲವನ್ನೂ ಸಾಕಿದರು. ಬರೀ ಮುದ್ದು ಮಾಡಲಿಲ್ಲ. ಅವು ಹೇಗೆ ಕೂರುತ್ತವೆ, ಹೇಗೆ ತಿನ್ನುತ್ತವೆ ಅಂತ ಗಂಟೆಗಟ್ಟಲೆ ನೋಡಿ ಬಿಡಿಸಿದರು. ಸತ್ತರೆ ಮೂಳೆಗಳನ್ನು ಜೋಡಿಸಿ ಅದನ್ನೂ ಬಿಡಿಸಿದರು! ಪೀಟರ್ ಕೋಟು ತೊಟ್ಟಿದ್ದರೂ ನಿಜವಾದ ಮೊಲದ ಹಾಗೇ ಕಾಣುತ್ತಾನಲ್ಲ, ಕಾರಣ ಇದೇ.

ಹದಿಹರೆಯದಲ್ಲಿ ಅವಳು ಒಂದು ಡೈರಿ ಬರೆಯಲು ಶುರು ಮಾಡಿದಳು. ತಾನೇ ಕಂಡುಹಿಡಿದ ಗುಪ್ತಲಿಪಿಯಲ್ಲಿ! ಸುಮಾರು ಮೂವತ್ತನೆಯ ವಯಸ್ಸಿನವರೆಗೂ ಬರೆದಳು. ಅವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೂ ಆ ಹಾಳೆಗಳನ್ನು ಓದಲು ಯಾರಿಗೂ ಆಗಲಿಲ್ಲ. ಲೆಸ್ಲಿ ಲಿಂಡರ್ ಎಂಬ ಇಂಜಿನಿಯರ್ ವರ್ಷಗಟ್ಟಲೆ ತಲೆ ಕೆಡಿಸಿಕೊಂಡರು. 1958ರಲ್ಲಿ ಒಂದು ಪುಟದಲ್ಲಿ ಹದಿನಾರು ಎಂಬ ರೋಮನ್ ಅಂಕಿಯೂ 1793 ಎಂಬ ಇಸವಿಯೂ ಅವರ ಕಣ್ಣಿಗೆ ಬಿದ್ದವು. ಫ್ರಾನ್ಸಿನ ಹದಿನಾರನೆಯ ಲೂಯಿ ದೊರೆಗೆ ಮರಣದಂಡನೆಯಾದ ವರ್ಷ ಅದು. ಆ ಸಾಲಿನಿಂದ ಒಂದು ಪದ, ಪದದಿಂದ ಅಕ್ಷರಗಳು, ಅಕ್ಷರಗಳಿಂದ ಇಡೀ ಲಿಪಿ. ಕೋಡ್ ಬರೆಯುವ ಅಪ್ಪ ಅಮ್ಮಂದಿರು ಮನೆಯಲ್ಲಿದ್ದರೆ ಕೇಳಿ ನೋಡಿ, ಒಂದು ಬಗ್ ಸಿಕ್ಕಿದಾಗ ಎಷ್ಟು ಖುಷಿಯಾಗುತ್ತೆ ಅಂತ. ಲಿಂಡರ್ ಅವರಿಗೆ ಎಷ್ಟಾಗಿರಬೇಡ!

1882ರ ಬೇಸಿಗೆ ರಜೆಗೆ ಪಾಟರ್ ಕುಟುಂಬ ವಿಂಡರ್‌ಮಿಯರ್ ದಡದ ರೇ ಕ್ಯಾಸಲ್ ಬಾಡಿಗೆಗೆ ಹಿಡಿಯಿತು. ಬಿಯಾಟ್ರಿಕ್ಸ್‌ಗೆ ಆಗ ಹದಿನಾರು. ಬೆಟ್ಟ, ಸರೋವರ, ಕುರಿಗಳ ಈ ಲೋಕ ಆಗಲೇ ಅವಳ ಮನಸ್ಸು ಹೊಕ್ಕಿತು. ಅಲ್ಲಿನ ಚರ್ಚಿನ ಪಾದ್ರಿ ಹಾರ್ಡ್‌ವಿಕ್ ರಾನ್ಸ್‌ಲೀ ಮನೆಗೆ ಬಂದು ಹೋಗುತ್ತಿದ್ದರು. ಮರುವರ್ಷವೇ, ಅಂದರೆ 1883ರಲ್ಲಿ, ಗಣಿಯಿಂದ ಹೆಂಚುಕಲ್ಲು ಸಾಗಿಸಲು ನ್ಯೂಲ್ಯಾಂಡ್ಸ್ ಎಂಬ ಇನ್ನೊಂದು ಕಣಿವೆಯಲ್ಲಿ ರೈಲು ಹಾಕುವ ಯೋಜನೆ ಬಂದಾಗ, ಜನರನ್ನು ಕಟ್ಟಿಕೊಂಡು ಹೋರಾಡಿ ನಿಲ್ಲಿಸಿದವರು ಇದೇ ಪಾದ್ರಿ. ಮುಂದೆ 1895ರಲ್ಲಿ ಆಕ್ಟೇವಿಯಾ ಹಿಲ್, ರಾಬರ್ಟ್ ಹಂಟರ್ ಜೊತೆ ಸೇರಿ ಅವರು ನ್ಯಾಷನಲ್ ಟ್ರಸ್ಟ್ ಕಟ್ಟಿದರು. ಚೆಂದದ ಜಾಗಗಳನ್ನು ಕೊಂಡು, ಎಲ್ಲರಿಗಾಗಿ, ಎಂದೆಂದಿಗೂ ಕಾಯುವ ಸಂಸ್ಥೆ. ಹಳೆಯ ಅರಮನೆಗಳ ಬಾಗಿಲಲ್ಲಿ ನೀವು ಓಕ್ ಎಲೆಯ ಗುರುತು ನೋಡಿರುತ್ತೀರಲ್ಲ, ಅವರೇ. ಬೆಟ್ಟವನ್ನು ಇಷ್ಟಪಟ್ಟರೆ ಸಾಲದು, ಅದಕ್ಕೊಂದು ಕಾವಲು ಬೇಕು ಎಂಬ ಪಾಠ ಬಿಯಾಟ್ರಿಕ್ಸ್ ಮನಸ್ಸಿನಲ್ಲಿ ಇಲ್ಲಿಂದಲೇ ಬೇರು ಬಿಟ್ಟಿರಬೇಕು.

ಆದರೆ ಅದಕ್ಕಿನ್ನೂ ಸಮಯವಿತ್ತು. ಅದಕ್ಕೂ ಮೊದಲು ಬಾಗಿಲುಗಳು ಮುಚ್ಚಿದ ಕಥೆ ಇದೆ.

ಬಿಯಾಟ್ರಿಕ್ಸ್ ಅವರಿಗೆ ಅಣಬೆಗಳೆಂದರೆ ಬಹಳ ಆಸಕ್ತಿ. ನೂರಾರು ಅಣಬೆಗಳನ್ನು ಬಣ್ಣದಲ್ಲಿ ಬಿಡಿಸಿದರು, ಸೂಕ್ಷ್ಮದರ್ಶಕದಡಿ ಅವುಗಳ ಬೀಜಕಗಳು ಮೊಳೆಯುವುದನ್ನು ದಾಖಲಿಸಿದರು. ಕ್ಯೂ ಉದ್ಯಾನದ ನಿರ್ದೇಶಕರು ಇದನ್ನೆಲ್ಲ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. 1897ರ ಏಪ್ರಿಲ್‌ನಲ್ಲಿ ಅವರ ಪ್ರಬಂಧ ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಸಭೆಗೆ ಹೋಯಿತು, ಅವರು ಹೋಗಲಿಲ್ಲ. ಹೆಂಗಸರಿಗೆ ಆ ಸಭೆಯಲ್ಲಿ ಪ್ರವೇಶವೇ ಇರಲಿಲ್ಲ! ಕ್ಯೂನ ಜಾರ್ಜ್ ಮ್ಯಾಸಿ ಎಂಬವರು ಅವರ ಪರವಾಗಿ ಅದನ್ನು ಮುಂದಿಟ್ಟರು. ಆ ಪ್ರಬಂಧ ಅಚ್ಚಾಗಲೇ ಇಲ್ಲ. ಬಿಯಾಟ್ರಿಕ್ಸ್‌ಗೆ ಅನ್ಯಾಯವಾಯಿತು ಎಂದು ಆ ಸೊಸೈಟಿ ಒಪ್ಪಿಕೊಂಡದ್ದು 1997ರಲ್ಲಿ, ಸರಿಯಾಗಿ ನೂರು ವರ್ಷ ಕಳೆದ ಮೇಲೆ. ಅವರ ಅಣಬೆ ಚಿತ್ರಗಳು ಮಾತ್ರ ಇವತ್ತಿಗೂ ಆ್ಯಂಬಲ್‌ಸೈಡ್ ಊರಿನ ಆರ್ಮಿಟ್ ಮ್ಯೂಸಿಯಂನಲ್ಲಿವೆ. ಟ್ರೌಟ್‌ಬೆಕ್‌ಗೆ ಬಂದವರು ಅಲ್ಲಿಗೂ ಹೋಗಿ ಬರಬಹುದು.

ವಿಜ್ಞಾನದ ಬಾಗಿಲು ಮುಚ್ಚಿತು. ಇನ್ನೊಂದು ಬಾಗಿಲು ಆಗಲೇ ಒಂದು ಕಾಗದದಲ್ಲಿ ಅರ್ಧ ತೆರೆದಿತ್ತು. 1893ರ ಸೆಪ್ಟೆಂಬರ್ 4ರಂದು, ಸ್ಕಾಟ್ಲೆಂಡಿನಲ್ಲಿದ್ದಾಗ, ತಮ್ಮ ಹಳೆಯ ಟೀಚರ್ ಆ್ಯನಿ ಮೂರ್ ಅವರ ಐದು ವರ್ಷದ ಮಗ ನೋಯೆಲ್‌ಗೆ ಅವರು ಒಂದು ಪತ್ರ ಬರೆದಿದ್ದರು. ಹುಡುಗ ಹುಷಾರಿಲ್ಲದೆ ಮಲಗಿದ್ದ. ಬರೆಯಲು ಬೇರೇನೂ ತೋಚದೆ ನಾಲ್ಕು ಮೊಲದ ಮರಿಗಳ ಕಥೆ ಬರೆದು, ಪಕ್ಕದಲ್ಲೇ ಚಿತ್ರ ಬಿಡಿಸಿ ಕಳಿಸಿದರು. ನೋಯೆಲ್ ಆ ಪತ್ರವನ್ನು ಜೋಪಾನವಾಗಿ ಇಟ್ಟುಕೊಂಡಿದ್ದ. ಏಳು ವರ್ಷ ಕಳೆದ ಮೇಲೆ ಬಿಯಾಟ್ರಿಕ್ಸ್ ಅದನ್ನೇ ವಾಪಸ್ ಕೇಳಿ ಪಡೆದು ಪುಸ್ತಕ ಮಾಡಿದರು. ಆ ಹುಡುಗ ಕಾಗದವನ್ನು ಕಸದ ಬುಟ್ಟಿಗೆ ಹಾಕಿದ್ದರೆ ಏನಾಗುತ್ತಿತ್ತೋ!

ಆರು ಪ್ರಕಾಶಕರಾದರೂ ಆ ಪುಸ್ತಕ ಬೇಡ ಅಂದರು. ಬಿಯಾಟ್ರಿಕ್ಸ್ ಹಟ ಬಿಡಲಿಲ್ಲ. ಪುಟ್ಟ ಕೈಯಲ್ಲಿ ಹಿಡಿಸುವಷ್ಟು ಸಣ್ಣ ಪುಸ್ತಕವೇ ಆಗಬೇಕು, ಬೆಲೆಯೂ ಕಡಿಮೆ ಇರಬೇಕು ಎಂಬುದು ಅವರ ಪಟ್ಟು. 1901ರ ಡಿಸೆಂಬರ್‌ನಲ್ಲಿ ಸ್ವಂತ ಖರ್ಚಿನಲ್ಲಿ 250 ಪ್ರತಿ ಅಚ್ಚು ಹಾಕಿಸಿದರು. ಬೇಗನೇ ಖಾಲಿಯಾದವು, ಮತ್ತೆ ಹಾಕಿಸಿದರು. ಬೇಡ ಅಂದವರಲ್ಲಿ ಒಬ್ಬರಾದ ಫ್ರೆಡರಿಕ್ ವಾರ್ನ್ ಕಂಪನಿ ಈಗ ಮನಸ್ಸು ಬದಲಿಸಿ, ಬಣ್ಣದ ಚಿತ್ರಗಳೊಂದಿಗೆ 1902ರ ಅಕ್ಟೋಬರ್‌ನಲ್ಲಿ ಹೊರತಂದಿತು. ಅಂದಿನಿಂದ ಇಂದಿನವರೆಗೆ ಕೋಟಿಗಟ್ಟಲೆ ಪ್ರತಿಗಳು ಮಾರಾಟವಾಗಿವೆ. ಬಿಯಾಟ್ರಿಕ್ಸ್ ವ್ಯವಹಾರದಲ್ಲೂ ಚುರುಕು. 1903ರಲ್ಲೇ ಪೀಟರ್ ಗೊಂಬೆಯನ್ನು ತಾವೇ ಹೊಲಿದು ಪೇಟೆಂಟ್ ಆಫೀಸಿನಲ್ಲಿ ನೋಂದಾಯಿಸಿದರು. ಸಿನಿಮಾ ಬಂದ ವಾರವೇ ಗೊಂಬೆ, ಮಗ್, ಸ್ಕೂಲ್ ಬ್ಯಾಗ್ ಬರುತ್ತವಲ್ಲ, ಆ ದಾರಿಯಲ್ಲಿ ಮೊದಮೊದಲು ನಡೆದವರಲ್ಲಿ ಇವರೂ ಒಬ್ಬರು.

ಪುಸ್ತಕಗಳ ಕೆಲಸದಲ್ಲಿ ಜೊತೆಯಾದವರು ವಾರ್ನ್ ಮನೆತನದ ನಾರ್ಮನ್. 1905ರ ಜುಲೈನಲ್ಲಿ ಅವರು ಮದುವೆಯ ಪ್ರಸ್ತಾಪ ಮಾಡಿದರು, ಬಿಯಾಟ್ರಿಕ್ಸ್ ಒಪ್ಪಿದರು. ಅಪ್ಪ ಅಮ್ಮನಿಗೆ ಇಷ್ಟವಾಗಲಿಲ್ಲ. ವ್ಯಾಪಾರ ಮಾಡುವವರ ಮನೆಗೆ ಮಗಳನ್ನು ಕೊಡುವುದೇ ಎಂಬ ಬಿಂಕ. ಮಗಳು ಜಗ್ಗಲಿಲ್ಲ. ಆದರೆ ಒಂದೇ ತಿಂಗಳಲ್ಲಿ, ಆಗಸ್ಟ್ 25ರಂದು, ನಾರ್ಮನ್ ರಕ್ತದ ಕಾಯಿಲೆಯಿಂದ ತೀರಿಕೊಂಡರು.

ಇಂಥ ಹೊತ್ತಿನಲ್ಲಿ ಏನು ಮಾಡಬೇಕು ಅಂತ ಯಾವ ಪುಸ್ತಕವೂ ಹೇಳಿಕೊಡುವುದಿಲ್ಲ. ಬಿಯಾಟ್ರಿಕ್ಸ್ ಮಾಡಿದ್ದು ಇಷ್ಟು. ಅದೇ ವರ್ಷದ ನವೆಂಬರ್‌ನಲ್ಲಿ, ವಿಂಡರ್‌ಮಿಯರ್‌ನ ಪಶ್ಚಿಮಕ್ಕಿರುವ ನಿಯರ್ ಸಾರಿ ಎಂಬ ಹಳ್ಳಿಯಲ್ಲಿ, ಹಿಲ್ ಟಾಪ್ ಎಂಬ ಪುಟ್ಟ ಫಾರ್ಮ್ ಕೊಂಡರು. ಪುಸ್ತಕದ ದುಡ್ಡಿಗೆ ಚಿಕ್ಕಮ್ಮ ಬಿಟ್ಟುಹೋಗಿದ್ದ ಸ್ವಲ್ಪ ಹಣ ಸೇರಿತ್ತು. ಮೊಲ ಕೊಂಡ ಮೊದಲ ಜಮೀನು ಅದು. ಅಲ್ಲಿನ ಅಡುಗೆಮನೆ, ತೋಟ, ಬಾತುಕೋಳಿಗಳೆಲ್ಲ ಮುಂದಿನ ಕಥೆಗಳಿಗೆ ಬಂದು ಕೂತವು. ಜೆಮಿಮಾ ಪಡ್ಲ್‌ಡಕ್ ಅಲ್ಲಿಯವಳೇ. ಅವರು ಬರೆದ ಪುಟ್ಟ ಪುಸ್ತಕಗಳು ಒಟ್ಟು 23. ಒಂದೊಂದೇ ಪುಸ್ತಕ ಬಂದಂತೆ ಜಮೀನೂ ಬೆಳೆಯಿತು. ಕಾಗದಪತ್ರ ನೋಡಿಕೊಳ್ಳುತ್ತಿದ್ದ ಹಾಕ್ಸ್‌ಹೆಡ್ ಊರಿನ ವಕೀಲ ವಿಲಿಯಂ ಹೀಲಿಸ್ ಒಳ್ಳೆಯ ಗೆಳೆಯರಾದರು. 1913ರ ಅಕ್ಟೋಬರ್‌ನಲ್ಲಿ ಇಬ್ಬರೂ ಮದುವೆಯಾದರು. ಬಿಯಾಟ್ರಿಕ್ಸ್‌ಗೆ ಆಗ 47 ವರ್ಷ. ಊರಿನವರ ಬಾಯಲ್ಲಿ ಅವರು ಮಿಸೆಸ್ ಹೀಲಿಸ್ ಆದರು. ಅವರಿಗೂ ಆ ಹೆಸರೇ ಇಷ್ಟವಾಗಿತ್ತು.

ಈಗ ನಾವು ನಡೆಯುತ್ತಿರುವ ಕಣಿವೆಗೆ ಬಂದೆವು. 1923ರಲ್ಲಿ ಟ್ರೌಟ್‌ಬೆಕ್ ಪಾರ್ಕ್ ಮಾರಾಟಕ್ಕೆ ಬಂತು. ಸುಮಾರು 2000 ಎಕರೆ. ಈ ನಾಲಗೆ ಗುಡ್ಡವೂ ಅದರಲ್ಲೇ. ಮನೆ ಕಟ್ಟುವವರ ಕೈಗೆ ಸಿಕ್ಕರೆ ಕಣಿವೆಯ ಕಥೆ ಮುಗಿಯಿತು ಎಂಬ ಭಯ ಇತ್ತು. ಮಿಸೆಸ್ ಹೀಲಿಸ್ ಅದನ್ನು ಕೊಂಡರು. ಕೊಂಡಾಗ ಕುರಿಗಳಿಗೆ ಪಿತ್ತಜನಕಾಂಗದ ಹುಳದ ರೋಗ ಹಿಡಿದಿತ್ತು. ಹೊಸ ಔಷಧ ತರಿಸಿದರು, ಟಾಮ್ ಸ್ಟೋರಿ ಎಂಬ ನುರಿತ ಕುರಿಗಾಹಿಯನ್ನು ಕರೆತಂದರು, ಮಳೆಯಲ್ಲಿ ಗೋಣಿಚೀಲ ಹೊದ್ದು ತಾವೂ ಹಿಂಡಿನ ಹಿಂದೆ ಅಲೆದರು. ಒಮ್ಮೆ ಒಬ್ಬ ಅಲೆಮಾರಿ ಅವರನ್ನು ನೋಡಿ ತನ್ನ ಹಾಗೇ ಬೀದಿಪಾಲಾದವರೆಂದು ಮರುಗಿದನಂತೆ! ಬಿಡುವಾದಾಗ ಒಬ್ಬರೇ ಈ ಗುಡ್ಡದ ಸುತ್ತ ನಡೆಯುವುದು ಅವರಿಗೆ ಬಲು ಪ್ರಿಯವಾಗಿತ್ತು.

ಸರಿ, ನಾವೂ ಹತ್ತೋಣ. ಹತ್ತುವಾಗ ಕುರಿಗಳನ್ನು ಗಮನಿಸಿ. ಬೂದು ಮೈ, ಬಿಳಿ ಮುಖ, ಯಾವಾಗಲೂ ನಗುತ್ತಿರುವಂತೆ ಕಾಣುವ ಬಾಯಿ. ಇವು ಹರ್ಡ್‌ವಿಕ್ ಕುರಿಗಳು. ಮರಿಗಳು ಹುಟ್ಟುವಾಗ ಕಪ್ಪು, ವರ್ಷ ಕಳೆದಂತೆ ಬೂದು. ಉಣ್ಣೆ ಒರಟು, ಆದರೆ ಎಂಥ ಚಳಿಗೂ ಮಳೆಗೂ ಜಗ್ಗುವ ಪ್ರಾಣಿಯಲ್ಲ. ಇನ್ನೊಂದು ವಿಷಯ ನೋಡಿ. ಮೇಲೆ ಬೆಟ್ಟದಲ್ಲಿ ಬಹುಪಾಲು ಬೇಲಿಯೇ ಇಲ್ಲ. ಹಾಗಾದರೆ ಈ ಕುರಿಗಳು ಬೇರೆಯವರ ಬೆಟ್ಟಕ್ಕೆ ಯಾಕೆ ಹೋಗುವುದಿಲ್ಲ?

ಇಲ್ಲಿನವರು ಇದಕ್ಕೆ ಹೀಫ್ ಅನ್ನುತ್ತಾರೆ. ಒಂದೊಂದು ಹಿಂಡಿಗೂ ಬೆಟ್ಟದಲ್ಲಿ ತನ್ನದೇ ಮೇಯುವ ಜಾಗ ಉಂಟು. ಅದರ ಗಡಿ ಯಾವ ನಕ್ಷೆಯಲ್ಲೂ ಇಲ್ಲ, ಕುರಿಗಳ ನೆನಪಿನಲ್ಲಿದೆ. ಮರಿ ತಾಯಿಯ ಹಿಂದೆ ನಡೆಯುತ್ತಾ ನಡೆಯುತ್ತಾ ಕಲಿಯುತ್ತದೆ, ಮುಂದೆ ತನ್ನ ಮರಿಗೆ ಕಲಿಸುತ್ತದೆ. ಹೀಗೇ ನೂರಾರು ವರ್ಷಗಳಿಂದ. ಅದಕ್ಕೇ ಇಲ್ಲಿ ಫಾರ್ಮ್ ಕೈ ಬದಲಾದರೂ ಹಿಂಡು ಅಲ್ಲೇ ಉಳಿಯುವ ಪದ್ಧತಿ ಇದೆ. ಇಡೀ ಹಿಂಡು ಮಾರಿಬಿಟ್ಟರೆ ಆ ನೆನಪೂ ಹೋಯಿತು. ಹೊಸ ಕುರಿಗಳಿಗೆ ಮತ್ತೆ ಕಲಿಸಬೇಕಾದರೆ ವರ್ಷಗಟ್ಟಲೆ ಕಾಯಬೇಕು. ಇದರಲ್ಲಿ ಬ್ಯಾಕಪ್ ಎಂಬುದು ಇಲ್ಲ, ಒಂದು ತಲೆಮಾರು ತಪ್ಪಿದರೆ ತಪ್ಪಿತು.

ಮಿಸೆಸ್ ಹೀಲಿಸ್ ಅವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಬರೀ ಜಮೀನು ಕೊಂಡು ಸುತ್ತ ಬೇಲಿ ಹಾಕಿದರೆ ಕಣಿವೆ ಉಳಿಯುವುದಿಲ್ಲ. ಕುರಿ ಬೇಕು, ಕುರಿ ಕಾಯಲು ಬಲ್ಲವರು ಬೇಕು, ಬಿದ್ದ ಕಲ್ಲುಗೋಡೆ ಕಟ್ಟಬಲ್ಲ ಕೈ ಬೇಕು. 1930ರಲ್ಲಿ ಕಾನಿಸ್ಟನ್ ಹತ್ತಿರ ಸುಮಾರು 4000 ಎಕರೆಯ ದೊಡ್ಡ ಎಸ್ಟೇಟ್ ಕೊಂಡಾಗ, ಅದರ ಅರ್ಧವನ್ನು ಕೊಂಡ ಬೆಲೆಗೇ ನ್ಯಾಷನಲ್ ಟ್ರಸ್ಟ್‌ಗೆ ಕೊಟ್ಟರು. ಕೊಟ್ಟು ಕೈ ತೊಳೆದುಕೊಳ್ಳಲಿಲ್ಲ. ಗೇಟು ರಿಪೇರಿಯಿಂದ ಮರ ನೆಡುವವರೆಗೆ ವರ್ಷಗಟ್ಟಲೆ ತಾವೇ ಮೇಲ್ವಿಚಾರಣೆ ಮಾಡಿದರು. ವಿಂಡರ್‌ಮಿಯರ್ ದಡದ ಒಂದು ತುಂಡು ನೆಲ ಉಳಿಸಲು ಹಣ ಸಾಲದಾದಾಗ, ಪೀಟರ್‌ನ ಚಿತ್ರಗಳನ್ನು ಬಿಡಿಸಿ ಅಮೆರಿಕದ ಓದುಗರಿಗೆ ಮಾರಿ ಹಣ ಕೂಡಿಸಿದರು. 1943ರಲ್ಲಿ ಹರ್ಡ್‌ವಿಕ್ ಕುರಿ ಸಾಕುವವರ ಸಂಘ ಅವರನ್ನು ಮುಂದಿನ ಅಧ್ಯಕ್ಷೆಯಾಗಿ ಆರಿಸಿತು. ಹೆಂಗಸರಲ್ಲಿ ಮೊದಲಿಗರು. ಪಂಡಿತರ ಸಭೆಗೆ ಪ್ರವೇಶ ಸಿಗದವರಿಗೆ ಕುರಿಗಾಹಿಗಳ ಸಭೆ ಮುಖ್ಯ ಕುರ್ಚಿಯನ್ನೇ ಕೊಟ್ಟಿತು. ಆದರೆ ಅದರಲ್ಲಿ ಕೂರುವ ಮೊದಲೇ, 1943ರ ಡಿಸೆಂಬರ್ 22ರಂದು, ಅವರು ತೀರಿಕೊಂಡರು. ಟಾಮ್ ಸ್ಟೋರಿ ಅವರ ಚಿತಾಭಸ್ಮವನ್ನು ನಿಯರ್ ಸಾರಿಯ ಬೆಟ್ಟದಲ್ಲಿ ಚೆಲ್ಲಿದರು, ಎಲ್ಲಿ ಎಂದು ಊರಿಗೆ ಹೇಳಲಿಲ್ಲ.

ಉಯಿಲಿನಲ್ಲಿ 4000 ಎಕರೆಗೂ ಹೆಚ್ಚು ಭೂಮಿ, ಹನ್ನೆರಡಕ್ಕೂ ಹೆಚ್ಚು ಫಾರ್ಮ್‌ಗಳು, ಮನೆಗಳು, ಹಿಂಡುಗಳು ನ್ಯಾಷನಲ್ ಟ್ರಸ್ಟ್‌ಗೆ ಹೋದವು. ಜೊತೆಗೆ ಒಂದು ಷರತ್ತು: ಬೆಟ್ಟದ ಫಾರ್ಮ್‌ಗಳಲ್ಲಿ ಹರ್ಡ್‌ವಿಕ್ ಹಿಂಡುಗಳೇ ಇರಬೇಕು. 1951ರಲ್ಲಿ ಲೇಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನವಾಯಿತು, 2017ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಬೆಟ್ಟ ಸರೋವರಗಳ ಚೆಲುವಿನ ಜೊತೆಗೆ, ಕುರಿ ಸಾಕುವ ಈ ಬದುಕೂ ಆ ಗೌರವಕ್ಕೆ ಕಾರಣ.

ನಮ್ಮ ಕನ್ನಡ ಶಾಲೆಗೂ ಇದಕ್ಕೂ ಏನು ಸಂಬಂಧ ಅಂತೀರಾ? ಭಾನುವಾರ ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸಿ ಕರೆತರುವಾಗ ನೀವು ಕೇಳುವ ಪ್ರಶ್ನೆಗೆ ನಾವು ಕೊಡಬೇಕಾದ ಉತ್ತರ ಈ ಕುರಿಗಳ ಹತ್ತಿರ ಇದೆ ಅನ್ನಿಸುತ್ತದೆ. ಭಾಷೆಗೂ ಬೇಲಿ ಇಲ್ಲ. ಇಲ್ಲಿ ಯಾರೂ ನಿಮ್ಮನ್ನು ಕನ್ನಡದೊಳಗೆ ಕೂಡಿಹಾಕಲು ಆಗುವುದಿಲ್ಲ. ಜೊತೆಯಲ್ಲಿ ನಡೆದು ತೋರಿಸಬಹುದು, ಅಷ್ಟೇ. ಅದಕ್ಕೆ ನಾವು ದೊಡ್ಡವರೂ ಆ ದಾರಿಯಲ್ಲಿ ದಿನಾ ನಡೆಯಬೇಕು, ಬರೀ ಕಾರಿನಲ್ಲಿ ತಂದು ಬಿಟ್ಟು ಹೋದರೆ ಸಾಲದು.

ಅಗೋ, ಗುಡ್ಡದ ನೆತ್ತಿ ಬಂತು. ದಕ್ಷಿಣಕ್ಕೆ ತಿರುಗಿ. ಕಣಿವೆಯ ಬಾಯಲ್ಲಿ ವಿಂಡರ್‌ಮಿಯರ್ ಹೊಳೆಯುತ್ತಿದೆ. ಕೆಳಗೆ ಕಲ್ಲುಗೋಡೆಗಳು, ಫಾರ್ಮ್ ಮನೆ, ಹಳ್ಳ. ನೂರು ವರ್ಷದ ಹಿಂದೆ ಮಿಸೆಸ್ ಹೀಲಿಸ್ ಅಲೆದಾಡಿದ ಕಣಿವೆ ಇದೇ. ಈ ಬೇಸಿಗೆ ರಜೆಯಲ್ಲಿ ಒಮ್ಮೆ ಹೋಗಿ ಬನ್ನಿ. ತಿಂಡಿಯ ಕವರ್ ವಾಪಸ್ ತನ್ನಿ, ನಾಯಿ ಇದ್ದರೆ ಹಗ್ಗ ಬಿಡಬೇಡಿ. ದಾರಿಯಲ್ಲಿ ಸಿಗುವ ಗೇಟು ತೆರೆದಿರಾ, ದಾಟಿದ ಮೇಲೆ ಮರೆಯದೆ ಮುಚ್ಚಿ. ಹಿಂದೆ ಕುರಿಮರಿಗಳಿವೆ.